ಮಂಡಿಯೂರುವವನ ಹಲಗೆ

1922ನೆಯ ಇಸವಿಯ ಜೂನ್ ತಿಂಗಳು ಮುಗಿಯುತ್ತಿದ್ದ ಕಾಲ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಎಲ್ಲೆಯಲ್ಲಿ ಮಿಸಿಸಿಪಿ ನದಿಯು ಮೈ ಹಿಗ್ಗಿಸಿಕೊಂಡು ಪೆಪಿನ್ ಸರೋವರವೆಂಬ ಹೆಸರನ್ನು ಪಡೆಯುವ ಎಡೆಯೊಂದಿದೆ. ಅದರ ದಡದ ಲೇಕ್ ಸಿಟಿ ಎಂಬ ಚಿಕ್ಕ ಊರಿನಲ್ಲಿ ರಾಲ್ಫ್ ಸ್ಯಾಮ್ಯುಯಲ್ಸನ್ ಎಂಬ ಹದಿನೆಂಟರ ತರುಣನಿಗೆ ವಿಚಿತ್ರವಾದ ಹಂಬಲವೊಂದು ಹತ್ತಿಕೊಂಡಿತು. ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವವರುಂಟು. ನೀರಿನ ಮೇಲೇಕೆ ಜಾರಬಾರದು? ಪೀಪಾಯಿಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ನೋಡಿದ, ಮುಳುಗಿದ. ಹಿಮದ ಹಲಗೆಗಳನ್ನೇ ಕಟ್ಟಿಕೊಂಡ, ಆಗಲೂ ಮುಳುಗಿದ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆಗಳನ್ನು ಕೊಂಡು ತಂದು, ತಾಯಿಯ ಹಂಡೆಯಲ್ಲಿ ನೀರು ಕುದಿಸಿ, ಹಲಗೆಗಳ ತುದಿಗಳನ್ನು ಅದರಲ್ಲಿ ಮೆತ್ತಗೆ ಮಾಡಿ, ಮೇಲಕ್ಕೆ ಬಾಗಿಸಿ ಬಿಗಿದಿಟ್ಟ. ಸೋದರ ಬೆನ್ ದೋಣಿ ನಡೆಸಿದ. ರಾಲ್ಫ್ ಹಗ್ಗ ಹಿಡಿದ. ಮತ್ತೆ ಮತ್ತೆ ಬಿದ್ದು, ಮತ್ತೆ ಮತ್ತೆ ಎದ್ದು, ಜುಲೈ 2ರಂದು ಆತನಿಗೊಂದು ಗುಟ್ಟು ಹೊಳೆಯಿತು. ಮೈಯನ್ನು ಹಿಂದಕ್ಕೆ ವಾಲಿಸಿ, ಹಲಗೆಯ ಬಾಗಿದ ತುದಿಗಳನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿದ. ದೋಣಿ ಎಳೆಯಿತು, ನೀರು ಆತನನ್ನು ಹೊತ್ತುಕೊಂಡಿತು.

ಅಂದು ಆ ತರುಣ ಕಂಡುಕೊಂಡ ಸತ್ಯ ಸರಳವಾದುದು. ನಿಂತ ನೀರಿನಲ್ಲಿ ವಸ್ತುವೊಂದು ತೇಲುವುದು ತಾನು ತಳ್ಳಿದ ನೀರಿನ ತೂಕದಿಂದ. ಓಡುವ ಹಲಗೆಯ ಕಥೆ ಬೇರೆ. ಅದು ತುಸು ಮೂತಿಯೆತ್ತಿ ಮುನ್ನುಗ್ಗುವಾಗ ಎದುರಿನ ನೀರನ್ನು ಕೆಳಕ್ಕೆ ಒತ್ತುತ್ತದೆ. ಒತ್ತಿಸಿಕೊಂಡ ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ವೇಗ ಹೆಚ್ಚಿದಷ್ಟೂ ಈ ಪ್ರತಿಯೊತ್ತು ಹೆಚ್ಚು. ಆದುದರಿಂದ ನಿಂತಾಗ ಮುಳುಗುವ ಹಲಗೆಯೂ ಓಡುವಾಗ ಮನುಷ್ಯನನ್ನು ಹೊರಬಲ್ಲುದು. ನೀರಿನ ಮೇಲಿನ ಎಳೆಯಾಟಗಳೆಲ್ಲಕ್ಕೂ ಇದೇ ತಳಹದಿ.

ಅರ್ಧ ಶತಮಾನದ ಬಳಿಕ, 1970ರ ದಶಕದ ಮೊದಲಿನ ವರ್ಷಗಳಲ್ಲಿ, ಅಮೆರಿಕದ ಇನ್ನೊಂದು ಅಂಚಿನ ಕ್ಯಾಲಿಫೋರ್ನಿಯದಲ್ಲಿ ಈ ಆಟಕ್ಕೆ ಹೊಸ ಕವಲೊಂದು ಒಡೆಯಿತು. ಎರಡು ಹಲಗೆಗಳ ಮೇಲೆ ನಿಲ್ಲುವುದರ ಬದಲು ಒಂದೇ ಅಗಲ ಹಲಗೆಯ ಮೇಲೆ ಮಂಡಿಯೂರಿ, ಹಿಮ್ಮಡಿಗಳ ಮೇಲೆ ಕುಳಿತು, ತೊಡೆಗಳ ಮೇಲೆ ಪಟ್ಟಿಯೊಂದನ್ನು ಬಿಗಿದುಕೊಂಡು, ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ಸಾಗುವ ಆಟವಿದು. ಇಂಗ್ಲಿಷಿನಲ್ಲಿ ನೀಬೋರ್ಡ್ ಎಂದು ಕರೆಯುವ ಈ ಸಾಧನಕ್ಕೆ ಕನ್ನಡದಲ್ಲಿ ಮಂಡಿಹಲಗೆಯೆಂಬ ಹೆಸರು ಸಲ್ಲುತ್ತದೆ. ಸಾಮಾನ್ಯವಾಗಿ ಇದರ ಉದ್ದ ನಾಲ್ಕೂವರೆ ಅಡಿಯ ಆಸುಪಾಸು. ಅಗಲ ಇಪ್ಪತ್ತು ಅಂಗುಲದ ಆಸುಪಾಸು. ದೋಣಿಯ ವೇಗ ಗಂಟೆಗೆ ಸುಮಾರು 25ರಿಂದ 32 ಕಿಲೋಮೀಟರು.

ನಿಲ್ಲುವವನಿಗಿಂತ ಮಂಡಿಯೂರುವವನಿಗೆ ಒಂದು ದೊಡ್ಡ ಅನುಕೂಲವುಂಟು. ಆತನ ದೇಹದ ಭಾರಕೇಂದ್ರ ನೀರಿಗೆ ಬಲು ಹತ್ತಿರ. ತಲೆಯ ಮೇಲೆ ಕೊಡ ಹೊತ್ತವಳು ಎಡವುವುದಕ್ಕೂ ಸೊಂಟದಲ್ಲಿ ಇರಿಸಿಕೊಂಡವಳು ಎಡವುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. ಆದುದರಿಂದಲೇ ಮಕ್ಕಳೂ ಹೊಸಬರೂ ಈ ಆಟವನ್ನು ಒಂದೆರಡು ಪ್ರಯತ್ನಗಳಲ್ಲಿ ಕಲಿತುಬಿಡುವುದುಂಟು.

ಆದರೆ ಆಟ ಕೈವಶವಾದಂತೆ ಆಟಗಾರನ ಆಸೆಯೂ ಬೆಳೆಯುತ್ತದೆ. ದೋಣಿ ಹಿಂದೆ ಬಿಟ್ಟುಹೋಗುವ ಅಲೆಯ ದಿಬ್ಬವನ್ನೇರಿ ಗಾಳಿಗೆ ಹಾರಬೇಕು, ಗಾಳಿಯಲ್ಲಿ ಮಗುಚಿ ಮತ್ತೆ ನೀರಿಗಿಳಿಯಬೇಕು ಎನ್ನಿಸುತ್ತದೆ. ಆಗ ಆತ ಹಲಗೆ ಮಾಡುವವನ ಮುಂದೆ ಎರಡು ಬೇಡಿಕೆಗಳನ್ನು ಇಡುತ್ತಾನೆ. ಹಲಗೆ ಇನ್ನೂ ತೆಳ್ಳಗಿರಬೇಕು. ಹಲಗೆ ಇನ್ನೂ ಗಟ್ಟಿಯಾಗಿರಬೇಕು. ಒಂದೇ ಉಸಿರಿನಲ್ಲಿ ಕೇಳುವ ಈ ಎರಡು ವರಗಳು ಒಂದಕ್ಕೊಂದು ಹಗೆ.

ತೆಳ್ಳಗಿರಬೇಕೆಂಬ ಆಸೆ ಬರಿಯ ಸೊಗಸಿಗಾಗಿ ಅಲ್ಲ. ಹಲಗೆ ಎರಡಂಗುಲ ತೆಳುವಾದರೆ ಮಂಡಿಯೂರಿದವನು ಎರಡಂಗುಲ ನೀರಿಗೆ ಸಮೀಪವಾಗುತ್ತಾನೆ. ಆತನ ಓಲಾಟವನ್ನು ಹಲಗೆ ಒಡನೆಯೇ ಅರಿಯುತ್ತದೆ. ದಪ್ಪನೆಯ ಗುಂಡಂಚಿನ ಸುತ್ತ ನೀರು ಹತ್ತಿಕೊಂಡು ಮೇಲೇರಿ ಹಲಗೆಯನ್ನು ಹಿಡಿದೆಳೆಯುತ್ತದೆ. ತೆಳ್ಳನೆಯ ಚೂಪಂಚಿನಲ್ಲಿ ನೀರು ಚಟ್ಟನೆ ಕಳಚಿಕೊಳ್ಳುತ್ತದೆ. ತಿರುವಿನಲ್ಲಿ ಅಂಥ ಅಂಚು ನೀರನ್ನು ಕಚ್ಚಿ ಹಿಡಿಯುತ್ತದೆ, ಹಲಗೆ ಹೇಳಿದ ಕಡೆಗೆ ಹೊರಳುತ್ತದೆ. ಇನ್ನು ಗಾಳಿಯಲ್ಲಿ ಮಗುಚುವವನಿಗೆ ತೊಡೆಗೆ ಕಟ್ಟಿಕೊಂಡ ಒಂದೊಂದು ಸೇರು ತೂಕವೂ ಶತ್ರುವೇ.

ಗಟ್ಟಿಯಾಗಿರಬೇಕೆಂಬ ಆಸೆಯ ಕಾರಣವನ್ನು ಲೆಕ್ಕವೇ ಹೇಳುತ್ತದೆ. 70 ಕಿಲೋಗ್ರಾಂ ತೂಕದ ಆಟಗಾರನೊಬ್ಬ ಒಂದು ಮೀಟರು ಎತ್ತರದಿಂದ ಇಳಿದು, ಇಪ್ಪತ್ತು ಸೆಂಟಿಮೀಟರಿನೊಳಗೆ ನಿಂತನೆನ್ನಿರಿ. ಆ ಕ್ಷಣದಲ್ಲಿ ಹಲಗೆಯ ಮೇಲೆ ಬೀಳುವ ಸರಾಸರಿ ಒತ್ತಡ ಆತನ ತೂಕದ ಆರರಷ್ಟು. ಎಂದರೆ 420 ಕಿಲೋಗ್ರಾಂ ಭಾರಕ್ಕೆ ಸಮ. ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಅದು ಹನ್ನೊಂದರಷ್ಟು, 770 ಕಿಲೋಗ್ರಾಂ. ಈ ಭಾರವೆಲ್ಲ ಹಲಗೆಯ ನಡುವೆ, ಎರಡು ಮಂಡಿಗಳೂ ಮುಂಗಾಲುಗಳೂ ಊರಿದ ಕಡೆ ಬೀಳುತ್ತದೆ. ಮುಂದಿನ ಹಿಂದಿನ ತುದಿಗಳನ್ನು ನೀರು ಮೇಲಕ್ಕೆತ್ತುತ್ತದೆ. ಮೊಳಕಾಲಿಗೆ ಒತ್ತಿ ಕಬ್ಬಿನ ಜಲ್ಲೆಯನ್ನು ಮುರಿಯುವ ರೀತಿ ಇದೇ ತಾನೆ?

ಇಲ್ಲಿಯೇ ತೊಡಕು. ಹಲಗೆಯೊಂದರ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಿಗುವೂ ಅರ್ಧವಾದೀತೆಂದು ತೋರುವುದು ಸಹಜ. ಹಾಗಾಗುವುದಿಲ್ಲ. ಬಾಗದಿರುವ ಗುಣ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುರಿಯದಿರುವ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಲೆಯ ಅಡಿಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ಅದನ್ನೇ ಅಂಚು ಮೇಲಾಗಿ ಹಿಡಿದು ಒತ್ತಿದರೆ ಜಗ್ಗುವುದಿಲ್ಲ. ಮರ ಅದೇ, ತೂಕ ಅದೇ. ಆದರೆ ಒತ್ತುವ ದಿಕ್ಕಿನಲ್ಲಿ ಅದರ ಆಳ ಹೆಚ್ಚಿದೆ.

ಹಾಗಾದರೆ ತೆಳ್ಳಗಿದ್ದೂ ಗಟ್ಟಿಯಾಗಿರುವುದು ಹೇಗೆ? ಉತ್ತರಕ್ಕಾಗಿ ಹಲಗೆ ಬಾಗುವಾಗ ಅದರೊಳಗೆ ನಡೆಯುವುದನ್ನು ನೋಡಬೇಕು. ನಡುವೆ ಒತ್ತಿದಾಗ ಹಲಗೆಯ ಮೇಲ್ಮೈ ಕುಗ್ಗುತ್ತದೆ, ತಳಮೈ ಹಿಗ್ಗುತ್ತದೆ. ನಟ್ಟನಡುವಿನ ಪದರ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ದುಡಿಮೆಯೆಲ್ಲ ಎರಡು ಮೈಗಳದು. ನಡುವಿನ ಮರ ಸುಮ್ಮನೆ ಕುಳಿತು ಉಣ್ಣುವ ನೆಂಟನಂತೆ. ಬಿದಿರು ಈ ನೆಂಟನನ್ನು ಹೊರಗಟ್ಟಿದೆ. ತನ್ನ ಬಲವನ್ನೆಲ್ಲ ಹೊರಮೈಗೆ ತಂದು, ಒಡಲನ್ನು ಪೊಳ್ಳಾಗಿಟ್ಟುಕೊಂಡು, ಅಲ್ಲಲ್ಲಿ ಗೆಣ್ಣುಗಳನ್ನು ಹಾಕಿಕೊಂಡು ಗಾಳಿಯೆದುರು ನಿಂತಿದೆ.

ಆದರೆ ನಡುವಿನದು ಪೂರಾ ವ್ಯರ್ಥವೆಂದೂ ತಿಳಿಯಬಾರದು. ಇನ್ನೂರು ಪುಟದ ನೋಟ್‌ಬುಕ್ಕನ್ನು ಬಾಗಿಸಿದರೆ ಸುಲಭವಾಗಿ ಬಾಗುತ್ತದೆ, ಏಕೆಂದರೆ ಹಾಳೆಗಳು ಒಂದರ ಮೇಲೊಂದು ಸರಿದುಕೊಳ್ಳುತ್ತವೆ. ಅದೇ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಒಣಗಿಸಿದರೆ ಅದು ಪುಸ್ತಕವಲ್ಲ, ಹಲಗೆ. ಮೇಲಿನ ಮೈಯನ್ನೂ ಕೆಳಗಿನ ಮೈಯನ್ನೂ ದೂರದಲ್ಲಿ ಇರಿಸಬೇಕು. ಆದರೆ ಅವು ಒಂದರ ಮೇಲೊಂದು ಸರಿಯದಂತೆ ಹಿಡಿದಿರಬೇಕು. ಒಡಲಿನ ಕೆಲಸ ಇಷ್ಟೇ, ಇದಕ್ಕೆ ಹಗುರವಾದ ವಸ್ತುವೇ ಸಾಕು.

ಈ ಉಪಾಯ ವಿಮಾನದಲ್ಲಿಯೂ ಬಳಕೆಯಾಗಿದೆ. 1940ರ ನವೆಂಬರಿನಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ಮೊಸ್ಕಿಟೊ ಯುದ್ಧವಿಮಾನದ ಒಡಲು ಲೋಹದ್ದಲ್ಲ, ಮರದ್ದು. ಬರ್ಚ್ ಮರದ ತೆಳ್ಳನೆಯ ಎರಡು ಪದರಗಳ ನಡುವೆ ಹತ್ತಿಯಷ್ಟು ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿದ ಈ ವಿಮಾನ ತನ್ನ ಕಾಲದ ಅತಿ ವೇಗದ ವಿಮಾನಗಳ ಸಾಲಿನಲ್ಲಿತ್ತು. ಯುದ್ಧ ಮುಗಿದ ಮೇಲೆ ಇದೇ ಉಪಾಯವನ್ನು ನೀರಿಗಿಳಿಸಿದವನು ಕ್ಯಾಲಿಫೋರ್ನಿಯದ ಬಾಬ್ ಸಿಮನ್ಸ್. ಬೈಸಿಕಲ್ ಅಪಘಾತದಲ್ಲಿ ಎಡಗೈ ಊನವಾಗಿದ್ದ ಈತ ಎಂಜಿನಿಯರಿಂಗ್ ಓದಿದವನು. ಕಡಲ ಅಲೆಗಳ ಮೇಲೆ ಹಲಗೆ ಓಡಿಸುವ ಹುಚ್ಚಿನವನು. ಆ ಕಾಲದ ಇಡೀ ಮರದ ಹಲಗೆಗಳು ಬಲು ಭಾರವಾಗಿರುತ್ತಿದ್ದವು. ನೀರಿನ ಮೇಲೆ ಜಾರುವ ದೋಣಿಗಳ ತಳದ ಆಕಾರವನ್ನು ಕುರಿತು ಲಿಂಡ್ಸೆ ಲಾರ್ಡ್ 1946ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಿಮನ್ಸ್ ಅಭ್ಯಾಸ ಮಾಡಿದ. 1949ರ ವೇಳೆಗೆ ನೊರೆಪ್ಲಾಸ್ಟಿಕ್ಕಿನ ಒಡಲು, ತೆಳು ಪ್ಲೈವುಡ್ಡಿನ ಮೈ, ಬಾಲ್ಸಾದ ಅಂಚು, ಮೇಲೆ ಗಾಜಿನ ನಾರಿನ ಬಟ್ಟೆ ಮತ್ತು ರಾಳದ ಹೊದಿಕೆ ಕೊಟ್ಟು ಹಲಗೆಗಳನ್ನು ಮಾಡಿದ. ಹಗುರವೂ ಗಟ್ಟಿಯೂ ಒಂದೇ ಕಡೆ ಕೂಡಿದವು. ಆದರೆ ಆ ಹಲಗೆಗಳ ಮುಂದಿನ ಬೆಳವಣಿಗೆಯನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ. 1954ರ ಸೆಪ್ಟೆಂಬರಿನಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತಾನು ಪ್ರೀತಿಸಿದ ಅಲೆಗಳ ನಡುವೆಯೇ ಮುಳುಗಿ ತೀರಿಕೊಂಡ.

ಮಂಡಿಹಲಗೆಗೆ ಈ ಉಪಾಯ ಬಂದುದು ಎರಡು ದಾರಿಗಳಲ್ಲಿ. ಮೊದಲನೆಯದು ಅಗ್ಗದ ದಾರಿ. ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಪುಡಿಯನ್ನು ಲೋಹದ ಅಚ್ಚಿನೊಳಗೆ ಹಾಕಿ, ಒಲೆಯಲ್ಲಿ ಕಾಯಿಸುತ್ತ ಅಚ್ಚನ್ನು ಎರಡು ದಿಕ್ಕುಗಳಲ್ಲಿ ತಿರುಗಿಸುತ್ತಾರೆ. ದೋಸೆಯ ಹಿಟ್ಟು ಕಾವಲಿಗೆ ಹರಡಿಕೊಳ್ಳುವಂತೆ ಕರಗಿದ ಪುಡಿ ಅಚ್ಚಿನ ಒಳಮೈಗೆಲ್ಲ ಹತ್ತಿಕೊಳ್ಳುತ್ತದೆ. ತಣಿದ ಮೇಲೆ ಪೊಳ್ಳು ಹಲಗೆಯೊಂದು ಹೊರಬರುತ್ತದೆ. ಆ ಪೊಳ್ಳಿಗೆ ನೊರೆಪ್ಲಾಸ್ಟಿಕ್ಕನ್ನು ತುಂಬುತ್ತಾರೆ. ಇಂಥ ಹಲಗೆ ಬಂಡೆಗೆ ತಾಕಿದರೂ ಗೀರು ಬೀಳುವುದೇ ಹೊರತು ಒಡೆಯುವುದು ಅಪರೂಪ. ಬೇಸಿಗೆಯ ಬಿಡಾರಗಳಲ್ಲಿ ಹತ್ತಾರು ಮಕ್ಕಳ ಕೈಗೆ ಕೊಡಲು ಇದಕ್ಕಿಂತ ತಕ್ಕುದಿಲ್ಲ. ಆದರೆ ಪಾಲಿಥಿಲೀನ್ ಸ್ವಭಾವದಿಂದ ಮೆದು. ಅದನ್ನು ಬಿಗುವಾಗಿಸಬೇಕಾದರೆ ದಪ್ಪವಾಗಿಯೇ ಮಾಡಬೇಕು.

ಎರಡನೆಯದು ದುಬಾರಿಯ ದಾರಿ. ಮೊದಲು ನೊರೆಯ ಒಡಲನ್ನು ಬೇಕಾದ ಆಕಾರಕ್ಕೆ ಸಿದ್ಧಪಡಿಸಿ, ಅದರ ಸುತ್ತ ರಾಳದಲ್ಲಿ ನೆನೆದ ಗಾಜಿನ ನಾರಿನ ಬಟ್ಟೆಯನ್ನು ಹೊದಿಸಿ, ಬಿಸಿ ಅಚ್ಚಿನೊಳಗಿಟ್ಟು ಬಲವಾಗಿ ಅದುಮುತ್ತಾರೆ. ರಾಳ ಗಟ್ಟಿಯಾದಾಗ ಬಟ್ಟೆಯೂ ಒಡಲೂ ಒಂದೇ ಮೈಯಾಗುತ್ತವೆ. ರಾಳ ಕುಡಿದು ಗಟ್ಟಿಯಾದ ಈ ಬಟ್ಟೆ ಪಾಲಿಥಿಲೀನಿಗಿಂತ ಸುಮಾರು ಇಪ್ಪತ್ತು ಪಟ್ಟು ಬಿಗು. ಹೊದಿಕೆಯ ದಪ್ಪ ಬದಲಾಗದೆ ಎರಡು ಮೈಗಳ ನಡುವಣ ಅಂತರ ಅರ್ಧವಾದರೆ, ಇಂಥ ಹಲಗೆಯ ಬಿಗುವು ನಾಲ್ಕರಲ್ಲೊಂದಾಗುತ್ತದೆ. ಇಪ್ಪತ್ತು ಪಟ್ಟು ಗಳಿಸಿ ನಾಲ್ಕರಲ್ಲೊಂದಕ್ಕೆ ಇಳಿದರೂ ಐದು ಪಟ್ಟು ಲಾಭ ಉಳಿಯಿತು. ಅರ್ಧ ದಪ್ಪದ ಹಲಗೆ ಐದು ಪಟ್ಟು ಬಿಗುವಾಗಿರುವ ಈ ಪವಾಡದ ಹಿಂದೆ ಮಂತ್ರವೇನೂ ಇಲ್ಲ. ಬಲವುಳ್ಳ ವಸ್ತುವನ್ನು ದುಡಿಮೆಯಿರುವ ಕಡೆಗೆ ಕಳುಹಿಸಿದ ವಿವೇಕವಿದೆ.

ಆದರೆ ಪ್ರಕೃತಿ ಯಾವ ಲಾಭವನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ತೆಳ್ಳನೆಯ ಹಲಗೆ ಮೊದಲು ಕೇಳುವ ಬೆಲೆ ತೇಲುವಿಕೆ. ಆಟದ ಆರಂಭದಲ್ಲಿ ಸವಾರನು ಹಲಗೆಯ ಮೇಲೆ ಬೋರಲು ಮಲಗಿ, ಮೊಳಕೈಯೂರಿ, ದೋಣಿ ಎಳೆಯತೊಡಗಿದ ಮೇಲೆ ಮೆಲ್ಲಗೆ ಮಂಡಿಗಳನ್ನು ಮುಂದಕ್ಕೆ ತರಬೇಕು. ಈ ಕೆಲವು ಗಳಿಗೆಗಳಲ್ಲಿ ವೇಗದ ಆಸರೆ ಇನ್ನೂ ದೊರೆತಿರುವುದಿಲ್ಲ. ದಪ್ಪ ಹಲಗೆ ಆಗ ಹಿರಿಯಣ್ಣನಂತೆ ಹೊತ್ತು ನಿಲ್ಲುತ್ತದೆ; ತೆಳು ಹಲಗೆ ಬಾಲ ಮುಳುಗಿಸಿ ತತ್ತರಿಸುತ್ತದೆ. ನೀರನ್ನು ಕಚ್ಚುವ ಚೂಪಂಚೂ ಹಾಗೆಯೇ: ಬಲ್ಲವನಿಗೆ ಅದು ಸೇವಕ, ಹೊಸಬನಿಗೆ ಶತ್ರು. ಬೇಡದ ಹೊತ್ತಿನಲ್ಲಿ ಅಂಚು ಕಚ್ಚಿತೆಂದರೆ ಹಲಗೆ ತಟ್ಟನೆ ನಿಲ್ಲುತ್ತದೆ, ಸವಾರ ಕವುಚಿ ಬೀಳುತ್ತಾನೆ. ಆದುದರಿಂದ ಜಾಣ ಕುಶಲಕರ್ಮಿ ಇಡೀ ಅಂಚನ್ನು ಚೂಪಾಗಿಸುವುದಿಲ್ಲ. ಹಿಂಬದಿಯನ್ನು ಚೂಪಾಗಿರಿಸಿ ಮುಂಬದಿಯನ್ನು ದುಂಡಾಗಿಸುತ್ತಾನೆ.

ಎರಡನೆಯ ಬೆಲೆ ಅಂಟಿನದು. ಮೈಯೂ ಒಡಲೂ ಒಂದಾಗಿರುವವರೆಗೆ ಮಾತ್ರ ಈ ಹಲಗೆ ಗಟ್ಟಿ. ಪಟ್ಟಿಯನ್ನು ಹಿಡಿದಿಡುವ ತಿರುಪುಮೊಳೆಗಳಿಗಾಗಿ ಕೊರೆದ ತೂತುಗಳ ಮೂಲಕ ನೀರು ಒಳಗಿಳಿದು, ಬಿಸಿಲಿಗೆ ಕಾದು, ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಒಂದು ಕಡೆ ಮೈ ಒಡಲಿನಿಂದ ಬಿಟ್ಟುಕೊಂಡಿತೆಂದರೆ ಆ ಜಾಗದಲ್ಲಿ ಅದು ಬರಿಯ ಕಾಗದ. ಮುಂದಿನ ನೆಗೆತದಲ್ಲಿ ಮೇಲ್ಮೈ ಸುಕ್ಕುಗಟ್ಟಿ ಕುಸಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಬಲ್ಲವರು ಕೊಡ ಕೊಳ್ಳುವಾಗ ಬಾರಿಸಿ ನೋಡುವಂತೆ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ನಾದ ಬಂದಲ್ಲಿ ಬಂಧ ಉಳಿದಿದೆ. ಮಂಕು ನಾದ ಬಂದಲ್ಲಿ ಬಿಟ್ಟುಹೋಗಿದೆ.

ಮೂರನೆಯ ಬೆಲೆಯೇ ಎಲ್ಲಕ್ಕಿಂತ ಭಾರವಾದುದು. ಅದನ್ನು ತೆರುವುದು ಹಲಗೆಯಲ್ಲ, ಅದರ ಮೇಲಿರುವ ಮನುಷ್ಯ. ನಿಂತು ಜಾರುವವನು ನೀರಿಗೆ ಇಳಿಯುವಾಗ ಮಂಡಿಗಳನ್ನು ಮಡಿಸಿ ಪೆಟ್ಟನ್ನು ನುಂಗಿಕೊಳ್ಳುತ್ತಾನೆ. ದೇವರು ಕೊಟ್ಟ ಸ್ಪ್ರಿಂಗು ಅದು. ಮಂಡಿಯೂರಿದವನ ಮಂಡಿಗಳು ಆಗಲೇ ಮಡಿದಿವೆ. ಆತನ ಬಳಿ ಇನ್ನು ಮಡಿಸುವುದಕ್ಕೆ ಉಳಿದಿರುವುದು ಬೆನ್ನೆಲುಬು ಒಂದೇ. ಹಿಂದಿನ ಮೆದು ಹಲಗೆ ತಾನೇ ತುಸು ಬಾಗಿ ಪೆಟ್ಟಿನಲ್ಲಿ ಒಂದು ಪಾಲನ್ನು ಹಂಚಿಕೊಳ್ಳುತ್ತಿತ್ತು. ಹೊಸ ಬಿಗು ಹಲಗೆ ಬಾಗುವುದಿಲ್ಲ. ಬಂದ ಪೆಟ್ಟನ್ನು ಹಾಗೆಯೇ ಮೇಲಕ್ಕೆ ಒಪ್ಪಿಸಿಬಿಡುತ್ತದೆ. ಮೇಲೆ ಹೇಳಿದ ಲೆಕ್ಕವನ್ನೇ ಮತ್ತೆ ನೋಡಿ: ಇಪ್ಪತ್ತು ಸೆಂಟಿಮೀಟರಿನಲ್ಲಿ ನಿಂತರೆ ಆರು ಪಟ್ಟು, ಹತ್ತರಲ್ಲಿ ನಿಂತರೆ ಹನ್ನೊಂದು ಪಟ್ಟು. ಮುರಿಯದ ಹಲಗೆಯನ್ನು ಮಾಡಿದೆನೆಂದು ಹಿಗ್ಗುವ ಕುಶಲಕರ್ಮಿ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇನ್ನು ಮುರಿಯುವ ಸರದಿ ಯಾರದು?

ಈ ಪ್ರಶ್ನೆಗೆ ಸಿಕ್ಕ ಉತ್ತರ ಮಂಡಿಯ ಕೆಳಗಿನ ಮೆತ್ತೆ. ಅದು ಹಾಸಿಗೆಯಷ್ಟು ಮೆದುವಾದರೆ ಮೊದಲ ಪೆಟ್ಟಿಗೇ ತಳ ಮುಟ್ಟಿ ನಿಷ್ಪ್ರಯೋಜಕವಾಗುತ್ತದೆ. ತೀರ ಬಿಗುವಾದರೆ ಇದ್ದೂ ಇಲ್ಲದಂತೆ. ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳುಳ್ಳ, ನೀರು ಹೀರದ ನೊರೆಯನ್ನು ಮಂಡಿ ಮತ್ತು ಮುಂಗಾಲುಗಳ ಆಕಾರಕ್ಕೆ ಕೊರೆದು ಕೂರಿಸುತ್ತಾರೆ. ಭಾರ ಒಂದೇ ಬಿಂದುವಿಗೆ ಬೀಳದೆ ಮುಂಗಾಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಹಲಗೆಯ ದಪ್ಪದಲ್ಲಿ ಉಳಿಸಿದ ಅಂಗುಲದ ಒಂದು ಭಾಗವನ್ನು ಹೀಗೆ ಮೆತ್ತೆಗೆ ಹಿಂದಿರುಗಿಸಬೇಕಾಗುತ್ತದೆ. ಎಲ್ಲವನ್ನೂ ತೆಳ್ಳಗೆ ಮಾಡಹೊರಟವನು ಈ ಅಂಗುಲಕ್ಕೆ ಮಾತ್ರ ಕೈ ಹಾಕಲಾಗದು. ಹಲಗೆ ಬಿಗುವಾಗಲಿ, ಆದರೆ ಬಾಗುವ ಕೆಲಸವನ್ನು ಬೇರೆ ಯಾವುದಾದರೂ ವಸ್ತು ವಹಿಸಿಕೊಳ್ಳಬೇಕು.

ಇನ್ನು ಉಳಿದಿರುವುದು ತೊಡೆಯ ಮೇಲಿನ ಪಟ್ಟಿ. ನೋಡಲು ಅಲ್ಪವಾದ ಈ ಬಟ್ಟೆಯ ತುಂಡಿನಲ್ಲಿ ಆಟದ ಸೊಗಸೂ ಇದೆ, ಪ್ರಾಣದ ಪ್ರಶ್ನೆಯೂ ಇದೆ. ಪಟ್ಟಿ ಇಲ್ಲದಿದ್ದರೆ ನೆಗೆದ ಒಡನೆಯೇ ಸವಾರ ಒಂದು ಕಡೆ, ಹಲಗೆ ಒಂದು ಕಡೆ. ಪಟ್ಟಿ ಬಿಡದೇ ಹೋದರೆ? ಹಲಗೆ ತೇಲುವ ವಸ್ತು. ಸವಾರ ತಲೆಕೆಳಗಾಗಿ ಮಗುಚಿದರೆ ತೇಲುವ ಹಲಗೆ ಮೇಲೆ, ಕಟ್ಟಿಸಿಕೊಂಡವನ ತಲೆ ನೀರಿನೊಳಗೆ. ಆಗ ಹಲಗೆಯ ಗಟ್ಟಿತನವೂ ಪಟ್ಟಿಯ ಗಟ್ಟಿತನವೂ ಆತನಿಗೆ ವಿರೋಧವಾಗಿ ನಿಲ್ಲುತ್ತವೆ.

ಈ ಬಿಡಿಸಲಾಗದ ಗಂಟನ್ನು ಬಿಡಿಸಿದ್ದು ಒಂದು ಕಳೆಗಿಡ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ತನ್ನ ನಾಯಿಯೊಡನೆ ಬೆಟ್ಟದಲ್ಲಿ ತಿರುಗಿ ಬಂದಾಗ ನಾಯಿಯ ತುಪ್ಪಳಕ್ಕೂ ತನ್ನ ಉಡುಪಿಗೂ ಬರ್ಡಾಕ್ ಗಿಡದ ಕಾಯಿಗಳು ಅಂಟಿಕೊಂಡಿದ್ದವು. ಹೊಲದ ಬದುವಿನಲ್ಲಿ ನಡೆದವರ ಪಂಚೆಗೆ ಉತ್ತರಾಣಿ ಹತ್ತಿಕೊಳ್ಳುವುದಿಲ್ಲವೆ, ಹಾಗೆ. ಬೇರೊಬ್ಬರು ಬೈದುಕೊಂಡು ಕಿತ್ತೆಸೆಯುತ್ತಿದ್ದುದನ್ನು ಆತ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕಾಯಿಯ ಮೈತುಂಬ ಪುಟ್ಟ ಪುಟ್ಟ ಕೊಕ್ಕೆಗಳು! ಹಲವು ವರ್ಷ ದುಡಿದು, ಒಂದು ಪಟ್ಟಿಯಲ್ಲಿ ಕೊಕ್ಕೆಗಳನ್ನೂ ಇನ್ನೊಂದರಲ್ಲಿ ಕುಣಿಕೆಗಳನ್ನೂ ನೇಯ್ದು, 1955ರಲ್ಲಿ ಪೇಟೆಂಟು ಪಡೆದ. ಅದೇ ಇಂದು ಮಕ್ಕಳ ಚಪ್ಪಲಿಯಲ್ಲೂ ಚೀಲದಲ್ಲೂ ಕಾಣುವ ವೆಲ್‌ಕ್ರೊ. ಇದರ ಗುಣ ವಿಶೇಷವಾದುದು. ಪಟ್ಟಿಗಳನ್ನು ಒಂದರ ಮೇಲೊಂದು ಜಾರಿಸುವಂತೆ ಎಳೆದರೆ ಸಾವಿರಾರು ಕೊಕ್ಕೆಗಳು ಒಟ್ಟಿಗೆ ಹಿಡಿದು ನಿಲ್ಲುತ್ತವೆ, ಬಿಡುವುದಿಲ್ಲ. ಒಂದು ತುದಿಯನ್ನು ಹಿಡಿದು ಸುಲಿದರೆ ಸಾಲುಸಾಲಾಗಿ ಬಿಟ್ಟುಕೊಡುತ್ತವೆ. ನೆಗೆತದ ಎಳೆತ ಮೊದಲನೆಯ ದಿಕ್ಕಿನದು. ಮುಳುಗುವವನ ಕೈ ಎಳೆಯುವುದು ಎರಡನೆಯ ದಿಕ್ಕಿನಲ್ಲಿ. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದಾಗ ಬಿಡುವ ಗುಣ ಒಂದೇ ವಸ್ತುವಿನಲ್ಲಿ ದೊರೆಯಿತು.

ಆದರೂ ಇದನ್ನು ಕುರುಡಾಗಿ ನಂಬುವಂತಿಲ್ಲ. ಕೊಕ್ಕೆಗಳಲ್ಲಿ ಮರಳೂ ಪಾಚಿಯೂ ತುಂಬಿದರೆ ಹಿಡಿತ ಸಡಿಲವಾಗುತ್ತದೆ. ಸುಲಿಯುವ ತುದಿ ಪಟ್ಟಿಯ ಅಡಿಗೆ ಮಡಿಸಿಹೋಗಿದ್ದರೆ ನೀರಿನೊಳಗಿನ ಕೈಗೆ ಅದು ಸಿಕ್ಕುವುದಿಲ್ಲ. ಆದುದರಿಂದ ಹೊಸಬನಿಗೆ ಮೊದಲ ಪಾಠ ಹಲಗೆ ಓಡಿಸುವುದಲ್ಲ. ದಡದಲ್ಲಿ ಜೀವರಕ್ಷಕ ಕವಚ ತೊಟ್ಟು, ಹಲಗೆಯ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ, ಪಟ್ಟಿಯ ತುದಿಯನ್ನು ಹುಡುಕಿ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವುದು. ಕೈಗೆ ಅಭ್ಯಾಸವಾಗುವವರೆಗೆ ಮತ್ತೆ ಮತ್ತೆ. ದೋಣಿಯಲ್ಲಿ ಚಾಲಕನಲ್ಲದೆ ಹಿಂದಕ್ಕೇ ಮುಖಮಾಡಿ ಕುಳಿತ ಇನ್ನೊಬ್ಬನಿರಬೇಕು. ಎಳೆಯುವ ಕೆಲಸ ಒಬ್ಬನದು. ನೋಡುವ ಕೆಲಸ ಇನ್ನೊಬ್ಬನದು.

ಪೆಪಿನ್ ಸರೋವರದ ಆ ತರುಣ ತನ್ನ ಹಲಗೆಗಳಿಗೆ ಪೇಟೆಂಟು ಕೇಳಲೇ ಇಲ್ಲ. ಆತನೇ ಮೊದಲಿಗನೆಂದು ಅಮೆರಿಕದ ಜಲಸ್ಕೀ ಸಂಘ ಒಪ್ಪಿಕೊಂಡುದು 1966ರಲ್ಲಿ, ನಲವತ್ತನಾಲ್ಕು ವರ್ಷಗಳ ಮೇಲೆ. ತಾಯಿಯ ಹಂಡೆಯಲ್ಲಿ ಬೆಂದ ಪೈನ್ ಹಲಗೆಯಿಂದ ಗಾಜಿನ ನಾರಿನ ಹಲಗೆಯವರೆಗೆ ದಾರಿ ಬಹಳ ಸಾಗಿದೆ. ಮುಂದೆಯೂ ಸಾಗುವುದು, ಇಂಗಾಲದ ನಾರು ಈಗಾಗಲೇ ಗಾಜಿನ ನಾರಿನ ಜಾಗಕ್ಕೆ ಬರತೊಡಗಿದೆ, ಹಲಗೆ ಇನ್ನಷ್ಟು ತೆಳುವಾದೀತು. ಆದರೆ ಹಲಗೆ ಮಾಡುವವನ ಮನಸ್ಸಿನಲ್ಲಿ ಒಂದು ಕ್ರಮ ಎಂದಿಗೂ ತಪ್ಪಬಾರದು. ಪೆಟ್ಟು ಬಿದ್ದಾಗ ಮೊದಲು ಸೋಲಬೇಕಾದುದು ಮೆತ್ತೆ. ಆಪತ್ತು ಬಂದಾಗ ಮೊದಲು ಬಿಡಬೇಕಾದುದು ಪಟ್ಟಿ. ಅದೂ ಸಾಲದಾದರೆ ಹಲಗೆ ಮುರಿಯಲಿ, ಇನ್ನೊಂದನ್ನು ಮಾಡಬಹುದು.

ಆಟ ಮುಗಿದ ಸಂಜೆ ಸವಾರ ಪಟ್ಟಿಯ ತುದಿಯನ್ನು ಸುಲಿಯುತ್ತಾನೆ, ಚರ್ರೆಂದು ಸದ್ದಾಗುತ್ತದೆ. ಹಲಗೆ ಅತ್ತ ತೇಲುತ್ತದೆ, ಆತ ಇತ್ತ ಈಜುತ್ತಾನೆ. ಎರಡೂ ಇಡಿಯಾಗಿವೆ.